ಸಿಪ್ಪೆಯಲ್ಲ, ಶರೀರ
(ಕ್ರಿಸ್ತಜಯಂತಿಯ ರಾತ್ರಿ ಬಲಿಪೂಜೆಯ ಪ್ರಬೋಧನೆ)



ಹಗಲೆಲ್ಲ ಕಾಫಿ ಹಣ್ಣು ಕುಯ್ದು ದಣಿದಿದ್ದರೂ ಈ ಚಳಿಯಲ್ಲಿ ಮೂಡಿಗೆರೆಯ ಸುತ್ತಲ ತೋಟಗಳಿಂದ ನಡೆದು, ಜೀಪು ಹತ್ತಿ ಬಂದಿದ್ದೀರಿ. ಇಂದು ನನ್ನದೊಂದು ತಪ್ಪನ್ನು ಒಪ್ಪಿಕೊಂಡೇ ಮಾತು ಆರಂಭಿಸುತ್ತೇನೆ.

ನಾನು ಗುರುವಾದ ಹೊಸತು. ಕಳಸದ ಕಡೆಯ ತೋಟವೊಂದರಲ್ಲಿ ದುಡಿದು ತೀರಿಕೊಂಡ ಹಿರಿಯರೊಬ್ಬರ ಶವಸಂಸ್ಕಾರ. ಜನರಿಗೆ ತಿಳಿಯುವ ಉದಾಹರಣೆ ಕೊಡಬೇಕೆಂಬ ಉತ್ಸಾಹದಲ್ಲಿ, "ದೇಹ ಕಾಫಿ ಹಣ್ಣಿನ ಸಿಪ್ಪೆ, ಆತ್ಮ ಒಳಗಿನ ಬೀಜ. ಪಲ್ಪರ್‌ಗೆ ಹಾಕಿದಾಗ ಸಿಪ್ಪೆ ಬೇರೆಯಾಯಿತು, ಬೀಜ ದೇವರ ಮನೆ ಸೇರಿತು" ಎಂದೆ. ಎಲ್ಲರೂ ತಲೆದೂಗಿದರು. ನನಗೂ ಹೆಮ್ಮೆಯೇ ಆಯಿತು. ಮಣ್ಣು ಮಾಡಿ ಹಿಂತಿರುಗುವಾಗ ಆ ಹಿರಿಯರ ಪತ್ನಿ ನನ್ನನ್ನು ನಿಲ್ಲಿಸಿದರು. "ಫಾದರ್, ಅವರ ಕೈಯನ್ನ ಸಿಪ್ಪೆ ಅನ್ನಬೇಡಿ. ನಲವತ್ತು ವರ್ಷ ಆ ಕೈ ನಮಗೆ ಅನ್ನ ಹಾಕಿದೆ. ಸಿಪ್ಪೆ ಇಲ್ಲದೆ ಬೀಜ ಬಲಿಯೋದನ್ನ ನೀವು ಎಲ್ಲಾದರೂ ನೋಡಿದ್ದೀರಾ?"

ನನ್ನ ಬಳಿ ಉತ್ತರವಿರಲಿಲ್ಲ. ಸೆಮಿನರಿಯಲ್ಲಿ ವರ್ಷಗಟ್ಟಲೆ ಓದಿದ್ದನ್ನು ಆ ತಾಯಿ ಒಂದೇ ಮಾತಿನಲ್ಲಿ ನೆನಪಿಸಿದ್ದರು.

ಧ್ಯಾನಕೂಟಗಳಿಗೆ ಹೋಗಿಬಂದ ಯುವಕರು ಕೇಳುವುದುಂಟು: "ಫಾದರ್, ಮನುಷ್ಯನಲ್ಲಿ ಶರೀರ, ಪ್ರಾಣ, ಆತ್ಮ ಅಂತ ಮೂರು ಭಾಗಗಳಿವೆಯಂತೆ, ಹೌದೇ?" ಸಂತ ಪೌಲರು ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದ ಕೊನೆಯಲ್ಲಿ (5:23) ಈ ಮೂರೂ ಹೆಸರುಗಳಿವೆ, ನಿಜ. ಅಲ್ಲಿ ಪೌಲರು ಇಡೀ ಮನುಷ್ಯನನ್ನು ದೇವರ ಕೈಗೆ ಒಪ್ಪಿಸುತ್ತಿದ್ದಾರೆ, ಪಾಲು ಮಾಡುತ್ತಿಲ್ಲ. 1992ರಲ್ಲಿ ಪ್ರಕಟವಾದ ಧರ್ಮಸಭೆಯ ಧರ್ಮೋಪದೇಶವೂ ಇದನ್ನೇ ಹೇಳುತ್ತದೆ: ಮನುಷ್ಯನಿಗೆ ಎರಡು ಆತ್ಮಗಳಿಲ್ಲ, ದೇಹ ಮತ್ತು ಆತ್ಮ ಸೇರಿ ಒಂದೇ ಸ್ವಭಾವ.

ಈ ಮೂರು ಪಾಲಿನ ಲೆಕ್ಕದಿಂದಲೇ ಹಿಂದೊಮ್ಮೆ ದೊಡ್ಡ ತೊಡಕಾಯಿತು. 325ರಲ್ಲಿ ನೈಸಿಯದ ಮಹಾಸಭೆ, ಯೇಸು ಪಿತನಷ್ಟೇ ನಿಜವಾದ ದೇವರು ಎಂದು ಸಾರಿತು. ಅದನ್ನು ಗಟ್ಟಿಯಾಗಿ ನಂಬಿದ್ದ ಲವೊದಿಕೇಯದ ಧರ್ಮಾಧ್ಯಕ್ಷ ಅಪೊಲಿನಾರಿಸ್ ಒಂದು ಹೆಜ್ಜೆ ಮುಂದೆ ಹೋಗಿ, ಯೇಸುವಿಗೆ ನಮ್ಮಂತೆ ಶರೀರ, ಪ್ರಾಣ ಇದ್ದವು, ಆದರೆ ಯೋಚಿಸುವ ಮಾನವ ಆತ್ಮದ ಜಾಗದಲ್ಲಿ ದಿವ್ಯವಾಣಿಯೇ ಇತ್ತು ಎಂದರು. ಕೇಳಲು ಭಕ್ತಿಯ ಮಾತೇ. ಆದರೆ ಹಾಗಾದರೆ ನಮ್ಮ ಭಯ, ಗೊಂದಲ, ನಿದ್ದೆ ಬಾರದ ರಾತ್ರಿಗಳನ್ನು ಮುಟ್ಟಿ ಗುಣಪಡಿಸಿದವರು ಯಾರು? ನಾಜಿಯಾಂಜ್‌ನ ಸಂತ ಗ್ರೆಗೋರಿಯವರು ಎತ್ತಿದ ಆಕ್ಷೇಪದ ತಿರುಳು ಇದೇ. 381ರಲ್ಲಿ ಕಾನ್‌ಸ್ಟಾಂಟಿನೋಪಲ್ ಮಹಾಸಭೆ ಆ ಬೋಧನೆಯನ್ನು ತಳ್ಳಿಹಾಕಿತು. 451ರ ಕ್ಯಾಲ್ಸಿಡನ್ ಮಹಾಸಭೆ, ಯೇಸು ನಿಜ ದೇವರು, ಆತ್ಮ ಮತ್ತು ದೇಹವುಳ್ಳ ನಿಜ ಮನುಷ್ಯ, ಆದರೂ ಒಬ್ಬನೇ ವ್ಯಕ್ತಿ ಎಂದು ಸ್ಪಷ್ಟಪಡಿಸಿತು. ಗೆತ್ಸೆಮನಿಯಲ್ಲಿ ದುಃಖದಿಂದ ಕುಗ್ಗಿದ್ದು ಮಾನವ ಆತ್ಮ. ಗೋದಲಿಯಲ್ಲಿ ಮಾತೆ ಮರಿಯಮ್ಮನವರು ಬಟ್ಟೆ ಸುತ್ತಿ ಮಲಗಿಸಿದ್ದು, ಚಳಿಯಾದರೆ ನಡುಗುವ ಮಾನವ ದೇಹ.

ನಾವು 'ಮನುಷ್ಯಾವತಾರ' ಎನ್ನುತ್ತೇವೆ. ಆ ಪದ ಕೇಳಿದಾಗ ನಮ್ಮಲ್ಲಿ ಕೆಲವರಿಗೆ, ವೇಷ ಹಾಕಿ ಕೆಲಸ ಮುಗಿದ ಮೇಲೆ ಕಳಚಿಟ್ಟಂತೆ ಎಂದು ತೋರಬಹುದು. ಯೇಸು ಅದನ್ನು ಕಳಚಲೇ ಇಲ್ಲ. ಪುನರುತ್ಥಾನದ ಮೇಲೂ ಶಿಷ್ಯರಿಗೆ ಕೈಕಾಲು ತೋರಿಸಿದರು, ಸುಟ್ಟ ಮೀನಿನ ತುಂಡನ್ನು ತಿಂದರು (ಲೂಕ 24). ಸಂತ ತೋಮರಿಗೆ ತೋರಿಸಿದ ಕೈಗಳಲ್ಲಿ ಗಾಯದ ಗುರುತು ಹಾಗೇ ಇತ್ತು.

ಆ ತಾಯಿಗೆ ನಾನು ಅಂದು ಹೇಳಬೇಕಾಗಿದ್ದ ಮಾತು ಇನ್ನೊಂದಿದೆ. ಯೇಸು ಸತ್ತಾಗ ಅವರ ಆತ್ಮ ದೇಹದಿಂದ ಬೇರೆಯಾಯಿತು. ಆದರೆ ದೇವರ ಸುತ ಎರಡನ್ನೂ ಬಿಡಲಿಲ್ಲ ಎಂದು ಧರ್ಮಸಭೆ ಬೋಧಿಸುತ್ತದೆ. ಸಮಾಧಿಯಲ್ಲಿದ್ದ ಆ ತಣ್ಣನೆಯ ದೇಹವೂ ದೇವರ ಸುತನದೇ ಆಗಿತ್ತು. ಹಾಗಿರುವಾಗ, ಜ್ಞಾನಸ್ನಾನದ ನೀರು ಬಿದ್ದ, ಪರಮ ಪ್ರಸಾದ ಸ್ವೀಕರಿಸಿದ ಆ ಹಿರಿಯರ ದೇಹವನ್ನು ಸಿಪ್ಪೆ ಎಂದೆನಲ್ಲ! ಮುಂದಿನ ವರ್ಷದ ಶವಸಂಸ್ಕಾರಗಳಿಂದಲೇ ಆ ಉದಾಹರಣೆಯನ್ನು ಬಿಟ್ಟೆ.

ಸೊಂಟ ನೋವೆಂದರೂ ಆಸ್ಪತ್ರೆಗೆ ಹೋಗದೆ, "ದೇಹ ಹಾಳಾಗಲಿ ಫಾದರ್, ಆತ್ಮ ಒಂದು ಉಳಿದರೆ ಸಾಕು" ಎನ್ನುವ ಅಮ್ಮಂದಿರು ಇಲ್ಲಿದ್ದೀರಿ. ಕುಯ್ಲು ಮುಗಿಯುವ ತನಕ ಕಾಯಬೇಡಿ, ಈ ವಾರವೇ ಹೋಗಿ ತೋರಿಸಿ. ಮಾಲೀಕರೂ ಇದ್ದೀರಿ, ಅವರನ್ನು ರಜೆ ಕೊಟ್ಟು ಕಳಿಸಿ.

ಪೂಜೆ ಮುಗಿದ ಮೇಲೆ ಬಾಲಯೇಸುವಿನ ಪಾದಕ್ಕೆ ಮುತ್ತಿಡಲು ಸಾಲಿನಲ್ಲಿ ಬನ್ನಿ, ಮಕ್ಕಳು ಮೊದಲು. ಹಣ್ಣು ಕುಯ್ದ ಕರೆ ತೊಳೆದರೂ ಹೋಗಿಲ್ಲವೆಂದು ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿಂದೆ ನಿಲ್ಲಬೇಡಿ.