ಹುಚ್ಚುನಾಯಿಯ ಮೆದುಳಿನಲ್ಲಿ ಕಂಡ ಗುರುತು



ನೀಲಗಿರಿಯ ಕೂನೂರಿನಲ್ಲಿ 1907ರಲ್ಲಿ ಪಾಶ್ಚರ್ ಸಂಸ್ಥೆ ಸ್ಥಾಪಿತವಾದಂದಿನಿಂದ ಹುಚ್ಚುನಾಯಿ ಕಡಿತವೆಂದೊಡನೆ ನಾವು ಆ ಊರನ್ನು ನೆನೆಯುತ್ತ ಬಂದಿದ್ದೇವೆ. ಈ ರೋಗದ ವೈರಸ್ಸು ಜೀವಕೋಶದೊಳಗೆ ಮಾಡುವ ಮಾರ್ಪಾಟನ್ನು ಕುರಿತು ಎರಡು ಮಾತು.

1903ರಲ್ಲಿ ಇಟಲಿಯ ಪಾವಿಯಾ ನಗರದಲ್ಲಿ ಅಡೆಲ್ಕಿ ನೆಗ್ರಿ ಎಂಬ ವಿದ್ವಾಂಸರು ರೋಗಪೀಡಿತ ಪ್ರಾಣಿಗಳ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ನರಕೋಶಗಳೊಳಗೆ, ಕೋಶಕೇಂದ್ರದ ಹೊರಗೆ, ಬಣ್ಣ ಹಿಡಿದ ದುಂಡನೆಯ ಕಾಯಗಳು ಕಂಡವು. ರೋಗಕಾರಕ ಜೀವಿಗಳೇ ಇವೆಂದು ಅವರು ಬಗೆದರು, ಅದು ಸರಿಯಾಗಿರಲಿಲ್ಲ. ವೈರಸ್ಸು ಆ ಸೂಕ್ಷ್ಮದರ್ಶಕಕ್ಕೆ ನಿಲುಕದಷ್ಟು ಕಿರಿದು. ಅದು ಕೋಶವನ್ನು ಹೊಕ್ಕು, ಕೋಶದಿಂದಲೇ ತನ್ನ ಪ್ರೋಟೀನುಗಳನ್ನು ಮಾಡಿಸಿ ಒಂದೆಡೆ ಕೂಡಿಸುತ್ತದೆ; ಅಲ್ಲಿಯೇ ತನ್ನ ಪ್ರತಿಗಳನ್ನು ಸಿದ್ಧಪಡಿಸುತ್ತದೆ. ನೆಗ್ರಿಯವರು ಕಂಡದ್ದು ವೈರಸ್ಸು ಹೂಡಿದ ಈ ಕಮ್ಮಟವನ್ನು.

ಕೆಲವು ಮೆದುಳುಗಳಲ್ಲಿ ಈ ಗುರುತು ಕಾಣುವುದೇ ಇಲ್ಲ. ಗುರುತಿಲ್ಲವೆಂದು ರೋಗವಿಲ್ಲವೆನ್ನಲಾಗದು. ಅಂತೆಯೇ, ಕಡಿದ ನಾಯಿ ಸ್ವಸ್ಥವಾಗಿ ಕಂಡಿತೆಂದು ನಾವು ನಿಶ್ಚಿಂತರಾಗಲಾಗದು. ಲಕ್ಷಣಗಳು ತೋರಿದ ಮೇಲೆ ಬದುಕುಳಿಯುವುದು ಅತಿ ವಿರಳ. ಆದರೆ ಗಾಯದಿಂದ ನರಗಳ ಹಾದಿಯಲ್ಲಿ ವೈರಸ್ಸು ಮೆದುಳನ್ನು ಸೇರಲು ಸಾಮಾನ್ಯವಾಗಿ ವಾರಗಳೋ ತಿಂಗಳುಗಳೋ ಹಿಡಿಯುತ್ತವೆ. ಆ ಅವಧಿಯೇ ನಮಗಿರುವ ಅವಕಾಶ.

ಗಾಯವನ್ನು ಸಾಬೂನು ನೀರಿನಿಂದ 15 ನಿಮಿಷ ತೊಳೆಯೋಣ. ಆ ದಿನವೇ ವೈದ್ಯರನ್ನು ಕಂಡು, ಅವರು ಹೇಳಿದಷ್ಟೂ ಲಸಿಕೆಯನ್ನು ತಪ್ಪದೆ ಹಾಕಿಸಿಕೊಳ್ಳೋಣ. ಬೈಗುಳಕ್ಕಂಜಿ ಕಡಿತವನ್ನು ಮುಚ್ಚಿಡುವ ಮಕ್ಕಳುಂಟು. ಹಿರಿಯರಾದ ನಾವು ಅವರ ಆ ಅಂಜಿಕೆಯನ್ನು ಮೊದಲು ಕಳೆಯೋಣ.