ನೈಟ್ರೇಟ್ ಮಾಲಿನ್ಯ ಮತ್ತು ವಿದ್ಯುತ್ ರಸಾಯನ

(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ನಮ್ಮ ಸೊಲ್ಲಾಪುರ ಸೀಮೆಯಲ್ಲಿ ಕಬ್ಬಿಗೆ ಹಾಕುವ ಗೊಬ್ಬರದಿಂದ ಉಂಟಾಗುವ ನೈಟ್ರೇಟ್ ಬೆಳೆಗೆ ಆಹಾರ. ಬೆಳೆ ಹೀರದೆ ಉಳಿದದ್ದು ಬಾವಿಗೆ ಇಳಿದರೆ ಹಸುಳೆಗಳಿಗೆ ಅಪಾಯ. ಶೌಚಗುಂಡಿಗಳಿಂದಲೂ ಕಾರ್ಖಾನೆಗಳ ತ್ಯಾಜ್ಯಜಲದಿಂದಲೂ ಅದು ಅಂತರ್ಜಲವನ್ನು ಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ನೀರನ್ನು ಕುದಿಸಿದರೂ ಹೋಗುವುದಿಲ್ಲ. ಶಿಶುವಿನ ಮೈ ನೀಲಿಗಟ್ಟುವ ರೋಗಕ್ಕೂ ಬಾವಿನೀರಿನ ನೈಟ್ರೇಟಿಗೂ ಇರುವ ನಂಟನ್ನು ಅಮೆರಿಕದ ವೈದ್ಯ ಹಂಟರ್ ಕಾಮ್ಲಿ 1945ರಲ್ಲಿ ತೋರಿಸಿದರು. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಇದರ ಮಿತಿ ಲೀಟರಿಗೆ 45 ಮಿಲಿಗ್ರಾಂ.

ಆರ್‌ಓ ಘಟಕವು ನೈಟ್ರೇಟನ್ನು ನಾಶಮಾಡದು. ಹೊರಚೆಲ್ಲುವ ನೀರಿಗೆ ಸಾಗಿಸುತ್ತದೆ, ಅಷ್ಟೇ. ಆ ನೀರು ಮತ್ತೆ ನೆಲಕ್ಕೇ ಇಳಿಯುತ್ತದೆ. ವಿದ್ಯುತ್ ರಸಾಯನದ ಹಿರಿಮೆಯಿರುವುದು ಇಲ್ಲಿಯೇ. ತ್ಯಾಜ್ಯಜಲದಲ್ಲಿ ಎರಡು ವಿದ್ಯುದ್ವಾರಗಳನ್ನಿಳಿಸಿ ವಿದ್ಯುತ್ ಹರಿಸಿದಾಗ, ಋಣದ್ವಾರದಲ್ಲಿ ನೈಟ್ರೇಟ್ ಎಲೆಕ್ಟ್ರಾನುಗಳನ್ನು ಪಡೆದು ನೈಟ್ರೈಟ್ ಆಗುತ್ತದೆ. ಮುಂದೆ 5 ಎಲೆಕ್ಟ್ರಾನುಗಳ ದಾರಿಯಲ್ಲಿ ನಿರಪಾಯಕಾರಿ ಸಾರಜನಕ ಅನಿಲ, 8ರ ದಾರಿಯಲ್ಲಿ ಅಮೋನಿಯಾ. ತಾಮ್ರದ ಋಣದ್ವಾರವು ಈ ಕ್ರಿಯೆಯನ್ನು ಚುರುಕುಗೊಳಿಸುತ್ತದೆ. ಅಮೋನಿಯಾವನ್ನು ಬೇರ್ಪಡಿಸಿ ಹಿಡಿದರೆ ಅದೇ ಮರಳಿ ಗೊಬ್ಬರ.

ಆದರೆ ಕ್ರಿಯೆ ಅರ್ಧಕ್ಕೆ ನಿಂತರೆ ಉಳಿಯುವ ನೈಟ್ರೈಟ್, ನೈಟ್ರೇಟಿಗಿಂತಲೂ ಅಪಾಯಕಾರಿ. ವಿದ್ಯುತ್ತಿನ ಖರ್ಚೂ ಇದೆ. ಆದುದರಿಂದ ಇದು ಮನೆಯಲ್ಲಿ ಮಾಡುವ ಪ್ರಯೋಗವಲ್ಲ. ತ್ಯಾಜ್ಯಜಲ ಘಟಕಗಳಲ್ಲಿ ತಜ್ಞರು ನಡೆಸಬೇಕಾದ ಕಾರ್ಯ.

ನಮ್ಮ ಪಾಲಿನ ಕಾರ್ಯ ಬೇರೆಯಿದೆ. ಪಾಲಕರು ಬಾವಿನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಲಿ. ಬೆಳೆಗೆ ಬೇಕಾದಷ್ಟೇ ಗೊಬ್ಬರ ಹಾಕಲಿ. ಗುರುಗಳು ಈ ರಸಾಯನವನ್ನು ಮಕ್ಕಳಿಗೆ ತಿಳಿಗನ್ನಡದಲ್ಲಿ ಬೋಧಿಸಲಿ.