ನೆರವು ಬೇಕೆ, ಬೇಡವೆ?

“ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು” ಎಂಬುದು ನಮ್ಮ ಹಿರಿಯರ ಗಾದೆ. ಬಡ ದೇಶಗಳಿಗೆ ಸರ್ಕಾರಗಳು ನೀಡುವ ನೆರವಿನ ಮಾತೆತ್ತಿದಾಗಲೆಲ್ಲ ಇದನ್ನು ಮುಂದಿಡುವವರುಂಟು. ಬಿಟ್ಟಿ ಬಂದದ್ದು ಮನುಷ್ಯನನ್ನು ಸೋಮಾರಿ ಮಾಡುತ್ತದೆ, ಬೆಳೆದವನ ಬೆಲೆಯನ್ನು ಕೆಡಿಸುತ್ತದೆ ಎಂದು ಅವರ ವಾದ. ಇದರಲ್ಲಿ ಸತ್ಯವಿಲ್ಲವೆಂದು ನಾನು ಹೇಳಲಾರೆ. ಆದರೆ ಅದು ಪೂರ್ಣ ಸತ್ಯವಲ್ಲ. ದಿನವೂ ನಿಮ್ಮ ಮನೆಗೆ ಬರುವ ಹಾಲಿನ ಕಥೆಯನ್ನೇ ನೋಡಿರಿ.

1960ರ ದಶಕದ ಕೊನೆಗೆ ಪಶ್ಚಿಮ ಯೂರೋಪಿನಲ್ಲಿ ಹಾಲಿನ ಪುಡಿಯೂ ಬೆಣ್ಣೆಯೂ ಖರ್ಚಾಗದೆ ರಾಶಿಬಿದ್ದಿದ್ದುವು. ನಮ್ಮ ಪಟ್ಟಣಗಳಲ್ಲಿ ಹಾಲಿಗೆ ಅಭಾವ. ಆ ಪುಡಿಯನ್ನು ಇಲ್ಲಿ ಪುಕ್ಕಟೆ ಹಂಚಿದ್ದರೆ ಏನಾಗುತ್ತಿತ್ತು? ಪಟ್ಟಣದವರಿಗೆ ನಾಲ್ಕು ದಿನ ಸುಖ; ಹಳ್ಳಿಯಲ್ಲಿ ಎಮ್ಮೆ ಕಟ್ಟಿದವನಿಗೆ ನಷ್ಟ.

ಗುಜರಾತಿನ ಆನಂದ್‌ನಲ್ಲಿ 1965ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಲಿಯೂ ಅದರ ಅಧ್ಯಕ್ಷರಾಗಿದ್ದ ವರ್ಗೀಸ್ ಕುರಿಯನ್ನರೂ ಬೇರೆ ದಾರಿ ಹಿಡಿದರು. 1970ರಲ್ಲಿ ‘ಆಪರೇಷನ್ ಫ್ಲಡ್’ ಆರಂಭವಾಯಿತು. ವಿಶ್ವ ಆಹಾರ ಕಾರ್ಯಕ್ರಮದ ಮೂಲಕ ಬರಬೇಕಾಗಿದ್ದುದು 1 ಲಕ್ಷ 26 ಸಾವಿರ ಟನ್ ಹಾಲಿನ ಪುಡಿ, 42 ಸಾವಿರ ಟನ್ ಬೆಣ್ಣೆಯೆಣ್ಣೆ. ಅದನ್ನು ದಾನವಾಗಿ ಹಂಚಲಿಲ್ಲ. ಮುಂಬಯಿ, ದೆಹಲಿ, ಕಲ್ಕತ್ತ, ಮದರಾಸು ನಗರಗಳ ಡೈರಿಗಳಲ್ಲಿ ಹಾಲು ಮಾಡಿ ಮಾರಿದರು. ಬಂದ ಹಣವನ್ನು ಶೀತಲ ಕೇಂದ್ರಗಳಿಗೂ ಪಶುವೈದ್ಯಕ್ಕೂ ಮೇವಿನ ಕಾರ್ಖಾನೆಗಳಿಗೂ ಹಳ್ಳಿಯ ಸಹಕಾರ ಸಂಘಗಳಿಗೂ ತೊಡಗಿಸಿದರು. ಹಳ್ಳಿಯ ಹಾಲು ಹೆಚ್ಚಿದಂತೆ ಪುಡಿಯ ಅಗತ್ಯ ಕುಗ್ಗಿತು.

ನಮ್ಮ ನಾಡಿನಲ್ಲಿಯೂ ಹಾಗೆಯೇ ಆಯಿತು. 1974ರಲ್ಲಿ ವಿಶ್ವಬ್ಯಾಂಕಿನ ಸಾಲದ ನೆರವಿನಿಂದ ಕರ್ನಾಟಕದ ಡೈರಿ ಯೋಜನೆ ಮೊದಲಾಯಿತು. 1984ರಲ್ಲಿ ಅದು ಹಾಲು ಮಹಾಮಂಡಲದ ರೂಪ ತಾಳಿತು. ಇಂದಿನ ‘ನಂದಿನಿ’ ಅದರದೇ. ಬೆಳಗೂ ಸಂಜೆಯೂ ಸಂಘದ ಬಾಗಿಲಿಗೆ ಹಾಲು ತರುವ ಹೆಣ್ಣುಮಗಳು ಯಾರ ಹಂಗಿನಲ್ಲಿಯೂ ಇಲ್ಲ. ಹಾಲನ್ನು ಅಳೆದು, ಜಿಡ್ಡು ನೋಡಿ, ಲೆಕ್ಕ ಹಾಕಿದ ಹಣ ಆಕೆಯದು.

1968-69ರಲ್ಲಿ ದೇಶದ ಹಾಲಿನ ಉತ್ಪಾದನೆ ಸುಮಾರು 2 ಕೋಟಿ 12 ಲಕ್ಷ ಟನ್. 2023-24ರಲ್ಲಿ ಅದು 23 ಕೋಟಿ 90 ಲಕ್ಷ ಟನ್ನನ್ನು ಮುಟ್ಟಿತು. ಎಲ್ಲವೂ ಆ ಪುಡಿಯಿಂದಲೇ ಆಯಿತೆನ್ನುವುದು ಅತಿಶಯೋಕ್ತಿ. ರೈತರ ದುಡಿಮೆಯೇ ಅದರ ತಳಹದಿ. ಆದರೆ ಅಷ್ಟು ಬಂಡವಾಳವನ್ನು ಮೊದಲು ಹೂಡಲು ಆ ರೈತರಿಗೆ ಶಕ್ತಿಯಿರಲಿಲ್ಲ. ಲಾಭ ನೋಡುವ ವರ್ತಕನಿಗೆ ಅಷ್ಟು ಕಾಯುವ ತಾಳ್ಮೆಯಿರಲಿಲ್ಲ.

ಇನ್ನೊಂದು ಮಾತನ್ನು ಮರೆಯಬಾರದು. ಹಸುವೇ ಇಲ್ಲದ ಕೂಲಿಯವನಿಗೂ ದಿಕ್ಕಿಲ್ಲದ ಮುದುಕಿಗೂ ಹಾಲಿನ ಸಂಘದಿಂದ ನೇರವಾಗಿ ದೊರೆಯುವುದು ಅಲ್ಪ. ಅವರಿಗೆ ಪಡಿತರದ ಅಕ್ಕಿ ಬೇಕು, ಮಾಸಾಶನ ಬೇಕು. ಹಸಿದವರಿಗೆ ಸ್ವಾವಲಂಬನೆಯ ಉಪದೇಶ ಮಾಡುವುದು ನ್ಯಾಯವಲ್ಲ.

ಆದುದರಿಂದ ನೆರವು ಬೇಕು. ದುಡಿಯಲಾರದವರಿಗೆ ಅದು ಅನ್ನವಾಗಿ ಬರಲಿ, ದುಡಿಯಬಲ್ಲವರಿಗೆ ಬಂಡವಾಳವಾಗಿ ಬರಲಿ. ಮುಂದೆ ಯಾವುದೇ ಯೋಜನೆಯ ಸುದ್ದಿಯನ್ನು ನೀವು ಓದಿದಾಗ, ಎಷ್ಟು ಕೋಟಿ ಕೊಟ್ಟರೆಂದು ನೋಡಿ ಸುಮ್ಮನಾಗಬೇಡಿರಿ. ಆ ಹಣ ಮುಗಿದ ಮೇಲೆ ಊರಿನಲ್ಲಿ ಏನು ಉಳಿಯುವುದೆಂದು ಕೇಳಿರಿ.